ಪ್ರೋಟಾನ್ ಡಿಕ್ಕಿಗಳಲ್ಲಿ ಭಾರಕ್ವಾರ್ಕ್ ಮೀಸಾನ್‌ಗಳ ಉತ್ಪಾದನೆಯ ಮಾಪನ

ಭಾರಕ್ವಾರ್ಕ್ ಮೀಸಾನ್‌ಗಳ ಉತ್ಪಾದನೆಯ ಮಾಪನ ಎಂದರೆ ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಚಲಿಸುವ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಚಾರ್ಮ್ ಇಲ್ಲವೆ ಬಾಟಮ್ ಕ್ವಾರ್ಕನ್ನು ಒಳಗೊಂಡ ಮೀಸಾನ್‌ಗಳು ಎಷ್ಟು ಹುಟ್ಟುತ್ತವೆ, ಎಷ್ಟು ಸಂವೇಗದೊಡನೆ ಯಾವ ದಿಕ್ಕಿಗೆ ಹೊರಡುತ್ತವೆ ಎಂಬುದನ್ನು ಪ್ರಯೋಗದಿಂದ ನಿರ್ಧರಿಸುವ ಕಾರ್ಯ. ಕಣಭೌತವಿಜ್ಞಾನದ ಈ ಶಾಖೆ ಪ್ರಬಲ ಬಲದ ಸಿದ್ಧಾಂತವಾದ ಕ್ವಾಂಟಮ್ ಕ್ರೋಮೋಡೈನಮಿಕ್ಸನ್ನು ಒರೆಗೆ ಹಚ್ಚುತ್ತದೆ. ಪ್ರೋಟಾನಿನ ಒಳಗಿದ್ದು ಕ್ವಾರ್ಕ್‌ಗಳನ್ನು ಬೆಸೆಯುವ ಗ್ಲೂಆನ್‌ಗಳ ಹಂಚಿಕೆಯನ್ನು ತಿಳಿಸುತ್ತದೆ. ಸೀಸದಂಥ ಭಾರ ನ್ಯೂಕ್ಲಿಯಸ್‌ಗಳ ಡಿಕ್ಕಿಯ ಅಧ್ಯಯನಕ್ಕೆ ಆಧಾರದ ಅಳತೆಯನ್ನು ಒದಗಿಸುತ್ತದೆ. ಈಗ ಈ ಕೆಲಸ ಹೆಚ್ಚಾಗಿ ನಡೆಯುವುದು ಜಿನೀವಾದ ಬಳಿ ಇರುವ ಸರ್ನ್ ಸಂಸ್ಥೆಯ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ (ಎಲ್‌ಎಚ್‌ಸಿ).

ಪರಿಭಾಷೆ ಮತ್ತು ಮಾನಗಳು

ಕ್ವಾರ್ಕ್‌ಗಳಲ್ಲಿ ಆರು ಬಗೆ. ಅಪ್, ಡೌನ್, ಸ್ಟ್ರೇಂಜ್ ಹಗುರವಾದವು. ಚಾರ್ಮ್, ಬಾಟಮ್, ಟಾಪ್ ಭಾರವಾದವು. ಚಾರ್ಮ್ ಕ್ವಾರ್ಕಿನ ದ್ರವ್ಯರಾಶಿ ಸುಮಾರು 1.27 ಜಿಇವಿ (ಗಿಗಾ ಎಲೆಕ್ಟ್ರಾನ್‌ವೋಲ್ಟ್), ಬಾಟಮ್‌ನದು ಸುಮಾರು 4.18 ಜಿಇವಿ, ಟಾಪ್‌ನದು ಸುಮಾರು 173 ಜಿಇವಿ. ಇಡೀ ಪ್ರೋಟಾನಿನ ದ್ರವ್ಯರಾಶಿ 0.938 ಜಿಇವಿ ಮಾತ್ರ. ಹಾಗಾಗಿ ಭಾರಕ್ವಾರ್ಕ್‌ಗಳು ಡಿಕ್ಕಿಯ ಶಕ್ತಿಯಿಂದಲೇ ಹೊಸದಾಗಿ ಹುಟ್ಟಬೇಕು. ಪ್ರಬಲ ಬಲದ ಪ್ರಕ್ರಿಯೆಗಳಲ್ಲಿ ಅವು ಯಾವಾಗಲೂ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕಿನ ಜೋಡಿಯಾಗಿ ಹುಟ್ಟುತ್ತವೆ. ಟಾಪ್ ಕ್ವಾರ್ಕ್ ಸುಮಾರು 5×10⁻²⁵ ಸೆಕೆಂಡಿನಲ್ಲಿ, ಅಂದರೆ ಮತ್ತೊಂದು ಕ್ವಾರ್ಕಿನ ಜೊತೆ ಬೆಸೆದುಕೊಳ್ಳುವ ಮೊದಲೇ, ಕ್ಷಯಿಸಿಬಿಡುವುದರಿಂದ ಅದರ ಮೀಸಾನ್ ಇಲ್ಲ. ಈ ಲೇಖನದಲ್ಲಿ ಭಾರಕ್ವಾರ್ಕ್ ಎಂದರೆ ಚಾರ್ಮ್ ಮತ್ತು ಬಾಟಮ್ ಎರಡೇ.

ಮೀಸಾನ್ ಎಂದರೆ ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದ ಕಣ; ಬೇರಿಯಾನ್ ಎಂದರೆ ಮೂರು ಕ್ವಾರ್ಕ್‌ಗಳ ಕಣ; ಎರಡಕ್ಕೂ ಒಟ್ಟು ಹೆಸರು ಹ್ಯಾಡ್ರಾನ್. ಒಂದು ಬಗೆಯ ಘಟನೆ ಸಂಭವಿಸುವ ಸಾಧ್ಯತೆಯನ್ನು ವಿಸ್ತೀರ್ಣದ ರೂಪದಲ್ಲಿ ಹೇಳುವ ರಾಶಿಗೆ ಅಡ್ಡಕೊಯ್ತ ಎಂದು ಹೆಸರು. ಅದರ ಮಾನ ಬಾರ್ನ್, 10⁻²⁴ ಚದರ ಸೆಂಟಿಮೀಟರ್. ಡಿಕ್ಕಿಯ ಯಂತ್ರ ಒಂದು ಅವಧಿಯಲ್ಲಿ ಎಷ್ಟು ಡಿಕ್ಕಿಗಳಿಗೆ ಅವಕಾಶ ಕೊಟ್ಟಿತು ಎಂಬುದರ ಅಳತೆಯೇ ಲ್ಯೂಮಿನಾಸಿಟಿ. ಅಡ್ಡಕೊಯ್ತವನ್ನು ಲ್ಯೂಮಿನಾಸಿಟಿಯಿಂದ ಗುಣಿಸಿದರೆ ಹುಟ್ಟಿದ ಘಟನೆಗಳ ಸಂಖ್ಯೆ ಬರುತ್ತದೆ. ಪ್ರೋಟಾನ್ ಪುಂಜಕ್ಕೆ ಲಂಬವಾದ ಸಂವೇಗದ ಭಾಗವನ್ನು ಅಡ್ಡ ಸಂವೇಗವೆಂದೂ, ಪುಂಜದ ದಿಕ್ಕಿಗೆ ಕಣ ಎಷ್ಟು ವಾಲಿದೆ ಎಂಬುದನ್ನು ಸೂಚಿಸುವ ರಾಶಿಯನ್ನು ರ್ಯಾಪಿಡಿಟಿ ಎಂದೂ ಕರೆಯುತ್ತಾರೆ. ಫಲಿತಾಂಶಗಳು ಸಾಮಾನ್ಯವಾಗಿ ಈ ಎರಡು ರಾಶಿಗಳ ಮೇಲೆ ಹಂಚಿದ ಅಡ್ಡಕೊಯ್ತಗಳಾಗಿ ಪ್ರಕಟವಾಗುತ್ತವೆ.

ಚರಿತ್ರೆ

ನಾಲ್ಕನೆಯ ಕ್ವಾರ್ಕ್ ಇರಲೇಬೇಕೆಂದು ಗ್ಲಾಷೋ, ಇಲಿಯೋಪೌಲೋಸ್, ಮಯಾನಿ 1970ರಲ್ಲಿ ವಾದಿಸಿದ್ದರು. ಮರುವರ್ಷ ಜಪಾನಿನ ಕಿಯೋಶಿ ನಿಯು ಮತ್ತು ಸಂಗಡಿಗರು ವಿಶ್ವಕಿರಣಗಳಿಗೆ ಒಡ್ಡಿದ ಛಾಯಾ ಎಮಲ್ಷನ್‌ನಲ್ಲಿ ಅಲ್ಪ ದೂರ ಹಾರಿ ಕ್ಷಯಿಸಿದ ಅಪರಿಚಿತ ಕಣವೊಂದರ ಜಾಡನ್ನು ಕಂಡರು. ಅದು ಚಾರ್ಮ್ ಕಣವಿರಬೇಕೆಂಬುದು ಬಳಿಕ ಮನವರಿಕೆಯಾಯಿತು. ಎಲ್ಲರೂ ಒಪ್ಪಿದ ಆವಿಷ್ಕಾರ ಬಂದದ್ದು 1974ರ ನವೆಂಬರ್ 11ರಂದು. ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಬೆರಿಲಿಯಂ ಗುರಿಯ ಮೇಲೆ ಪ್ರೋಟಾನ್‌ಗಳನ್ನು ಹಾಯಿಸಿದ ಸ್ಯಾಮ್ಯುಯೆಲ್ ಟಿಂಗ್ ತಂಡ ಮತ್ತು ಸ್ಟ್ಯಾನ್‌ಫರ್ಡಿನ ಸ್ಪಿಯರ್ ಯಂತ್ರದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿದ ಬರ್ಟನ್ ರಿಕ್ಟರ್ ತಂಡ ಒಂದೇ ದಿನ 3.1 ಜಿಇವಿ ದ್ರವ್ಯರಾಶಿಯ ಕಣವನ್ನು ಸಾರಿದವು. ಎರಡೂ ತಂಡಗಳ ಹೆಸರು ಸೇರಿ ಅದು ಜೆ/ಸೈ ಆಯಿತು. ಇಬ್ಬರಿಗೂ 1976ರ ನೊಬೆಲ್ ಪಾರಿತೋಷಕ ದೊರೆಯಿತು. ಒಂಟಿ ಚಾರ್ಮ್ ಕ್ವಾರ್ಕ್ ಇರುವ ಡಿ ಮೀಸಾನ್‌ಗಳು 1976ರಲ್ಲಿ ಸ್ಪಿಯರ್‌ನಲ್ಲೇ ಸಿಕ್ಕವು. 1977ರಲ್ಲಿ ಫರ್ಮಿಲ್ಯಾಬ್‌ನಲ್ಲಿ 400 ಜಿಇವಿ ಪ್ರೋಟಾನ್‌ಗಳನ್ನು ಬಳಸಿ ಲಿಯಾನ್ ಲೆಡರ್‌ಮನ್ ತಂಡ 9.46 ಜಿಇವಿಯ ಅಪ್ಸಿಲಾನ್ ಕಣವನ್ನು ಕಂಡುಹಿಡಿಯಿತು. ಬಾಟಮ್ ಕ್ವಾರ್ಕಿನ ಮೊದಲ ಗುರುತು ಅದೇ.

ಕಂಡುಹಿಡಿಯುವುದಕ್ಕಿಂತ ಎಣಿಸುವುದು ಕಷ್ಟವಾಯಿತು. 1970ರ ದಶಕದ ಕೊನೆಯಲ್ಲಿ ಸರ್ನ್‌ನ ಐಎಸ್‌ಆರ್ ಯಂತ್ರದ ಬೇರೆಬೇರೆ ಪ್ರಯೋಗಗಳು ಚಾರ್ಮ್ ಉತ್ಪಾದನೆಗೆ ಒಂದಕ್ಕೊಂದು ಹೊಂದದ ಅಂಕಿಗಳನ್ನು ಕೊಟ್ಟವು. ಮೀಸಾನ್ ಕ್ಷಯಿಸುವ ಬಿಂದುವನ್ನು ಡಿಕ್ಕಿಯ ಬಿಂದುವಿನಿಂದ ಬೇರ್ಪಡಿಸಿ ನೋಡುವ ಸಾಧನ ಇಲ್ಲದಿದ್ದದ್ದು ಇದಕ್ಕೆ ಮುಖ್ಯ ಕಾರಣ. ಎರಡು ಸಾಧನಗಳು ಈ ಕೊರತೆಯನ್ನು ತುಂಬಿದವು. ಒಂದು, ಸರ್ನ್‌ನ ಎನ್‌ಎ27 ಪ್ರಯೋಗದಲ್ಲಿ 400 ಜಿಇವಿ ಪ್ರೋಟಾನ್‌ಗಳೊಡನೆ ಬಳಸಿದ, ಅತಿಸೂಕ್ಷ್ಮ ಗುಳ್ಳೆಗಳನ್ನು ಚಿತ್ರೀಕರಿಸುವ ಪುಟ್ಟ ಗುಳ್ಳೆಕೋಣೆ. ಇನ್ನೊಂದು, 1980ರ ದಶಕದ ಆರಂಭದಲ್ಲಿ ಎನ್‌ಎ11 ಪ್ರಯೋಗ ಚಾರ್ಮ್ ಕಣಗಳ ಆಯುಷ್ಯವನ್ನು ಅಳೆಯಲು ಬಳಕೆಗೆ ತಂದ ಸಿಲಿಕಾನ್ ಪಟ್ಟಿ ಶೋಧಕ. ಇಂದಿನ ಬಹುಪಾಲು ಭಾರಕ್ವಾರ್ಕ್ ಮಾಪನಗಳು ಈ ಎರಡನೆಯ ಸಾಧನದ ಮೇಲೆ ನಿಂತಿವೆ.

ಬಾಟಮ್ ಉತ್ಪಾದನೆಯನ್ನು ಸರ್ನ್‌ನ ಪ್ರೋಟಾನ್-ಪ್ರತಿಪ್ರೋಟಾನ್ ಯಂತ್ರದಲ್ಲಿ ಯುಎ1 ಪ್ರಯೋಗ ಅಳೆಯಿತು. ಆಮೇಲೆ ಫರ್ಮಿಲ್ಯಾಬಿನ ಟೆವಟ್ರಾನ್ ಸುಮಾರು ಎರಡು ದಶಕ ಈ ಕ್ಷೇತ್ರದ ಮುಂಚೂಣಿಯಲ್ಲಿತ್ತು. ಅಲ್ಲಿನ ಸಿಡಿಎಫ್ ಪ್ರಯೋಗ 1992ರಲ್ಲಿ ಹ್ಯಾಡ್ರಾನ್ ಡಿಕ್ಕಿಯಂತ್ರವೊಂದರಲ್ಲಿ ಮೊದಲ ಬಾರಿಗೆ ಕ್ಷಯಬಿಂದುವನ್ನು ಗುರುತಿಸುವ ಸಿಲಿಕಾನ್ ಶೋಧಕವನ್ನು ಅಳವಡಿಸಿತು. ಟೆವಟ್ರಾನ್ ಅಳತೆಗಳಿಂದ ಎರಡು ಬಿಕ್ಕಟ್ಟುಗಳು ಎದ್ದವು. ಬಾಟಮ್ ಮೀಸಾನ್‌ಗಳ ಅಡ್ಡಕೊಯ್ತ ಅಂದಿನ ಲೆಕ್ಕಾಚಾರಕ್ಕಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಕಂಡಿತು. ಜೆ/ಸೈಯ ಉದ್ರಿಕ್ತ ರೂಪವಾದ, ನೇರವಾಗಿ ಹುಟ್ಟುವ ಸೈ(2ಎಸ್) ಮೀಸಾನ್‌ಗಳಂತೂ ನಿರೀಕ್ಷೆಯ ಸುಮಾರು 50 ಪಟ್ಟು ಇದ್ದವು. ಮೊದಲನೆಯದಕ್ಕೆ ಹೊಸ ಕಣಗಳ ಕಾರಣವನ್ನು ಹುಡುಕಿದವರೂ ಉಂಟು. ಆದರೆ ಕ್ವಾರ್ಕ್ ಮೀಸಾನಾಗುವ ಹಂತವನ್ನು ವಿವರಿಸಲು ಬಳಸಿದ ಸೂತ್ರವನ್ನು ತಿದ್ದಿ, ಲೆಕ್ಕವನ್ನು ಸುಧಾರಿಸಿ, ಹೊಸ ದತ್ತಾಂಶವನ್ನು ಸೇರಿಸಿದ ಮೇಲೆ 2004ರ ಹೊತ್ತಿಗೆ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಎರಡನೆಯ ಬಿಕ್ಕಟ್ಟು ಪೂರ್ಣವಾಗಿ ಬಗೆಹರಿದಿಲ್ಲ. ಟೆವಟ್ರಾನ್ 2011ರ ಸೆಪ್ಟೆಂಬರ್ 30ರಂದು ನಿಂತಿತು. ಅದಕ್ಕೂ ಮುಂಚೆ, 2010ರ ಮಾರ್ಚ್ 30ರಂದು, ಎಲ್‌ಎಚ್‌ಸಿಯಲ್ಲಿ 7 ಟಿಇವಿ (ಟೆರಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಡಿಕ್ಕಿಗಳು ಆರಂಭವಾಗಿದ್ದವು.

ಉತ್ಪತ್ತಿಯ ಬಗೆ

ಪ್ರೋಟಾನ್ ಬಿಡಿ ಕಣವಲ್ಲ. ಕ್ವಾರ್ಕ್ ಮತ್ತು ಗ್ಲೂಆನ್‌ಗಳ ಗುಂಪು. ಎಲ್‌ಎಚ್‌ಸಿಯ ಶಕ್ತಿಯಲ್ಲಿ ಭಾರಕ್ವಾರ್ಕ್ ಜೋಡಿಗಳು ಹೆಚ್ಚಾಗಿ ಎರಡು ಗ್ಲೂಆನ್‌ಗಳ ಕೂಡುವಿಕೆಯಿಂದ ಹುಟ್ಟುತ್ತವೆ. ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಅಳಿದು ಭಾರಜೋಡಿ ಹುಟ್ಟುವ ಪ್ರಕ್ರಿಯೆಯ ಪಾಲು ಕಡಿಮೆ. ಡಿಕ್ಕಿಯಿಂದ ಹೊರಟ ಗ್ಲೂಆನ್ ಮುಂದೆ ಒಡೆದು ಭಾರಜೋಡಿಯಾಗುವುದೂ ಉಂಟು. ಆಗ ಎರಡು ಕ್ವಾರ್ಕ್‌ಗಳು ಒತ್ತೊತ್ತಾಗಿ ಹಾರುತ್ತವೆ. ನೇರವಾಗಿ ಹುಟ್ಟಿದ ಜೋಡಿಗಳು ಅಡ್ಡ ತಲದಲ್ಲಿ ಬೆನ್ನಿಗೆ ಬೆನ್ನು ಮಾಡಿ ಹೊರಡುತ್ತವೆ. ಹೀಗಾಗಿ ಜೋಡಿಯ ನಡುವಣ ಕೋನವೇ ಉತ್ಪತ್ತಿಯ ಬಗೆಯನ್ನು ಸೂಚಿಸಬಲ್ಲದು.

ಸೈದ್ಧಾಂತಿಕ ಲೆಕ್ಕವನ್ನು ಮೂರು ಭಾಗಗಳಾಗಿ ಒಡೆಯುತ್ತಾರೆ. ಮೊದಲನೆಯದು ಪ್ರೋಟಾನಿನಲ್ಲಿ ಗ್ಲೂಆನ್ ಮತ್ತು ಕ್ವಾರ್ಕ್‌ಗಳ ಸಂವೇಗದ ಹಂಚಿಕೆ. ಎರಡನೆಯದು ಭಾರಜೋಡಿ ಹುಟ್ಟುವ ಬಿರುಸಾದ ಪ್ರಕ್ರಿಯೆ. ಮೂರನೆಯದು ಆ ಕ್ವಾರ್ಕ್ ಹ್ಯಾಡ್ರಾನ್ ಆಗುವ ಹಂತ, ಅಂದರೆ ಹ್ಯಾಡ್ರಾನೀಕರಣ. ಭಾರಕ್ವಾರ್ಕಿನ ದ್ರವ್ಯರಾಶಿ ಪ್ರಬಲ ಬಲದ ಸಹಜ ಶಕ್ತಿಮಾನಕ್ಕಿಂತ, ಅಂದರೆ 0.2ರಿಂದ 0.3 ಜಿಇವಿಗಿಂತ, ಬಹಳ ಹೆಚ್ಚು. ಆದ್ದರಿಂದ ಎರಡನೆಯ ಭಾಗವನ್ನು ಸಂವೇಗ ಸೊನ್ನೆಯಾದಾಗಲೂ ಲೆಕ್ಕ ಹಾಕಬಹುದು. ಹಗುರ ಕ್ವಾರ್ಕ್‌ಗಳಿಗೆ ಈ ಅನುಕೂಲ ಇಲ್ಲ. ನೇಸನ್, ಡಾಸನ್, ಎಲ್ಲಿಸ್ 1980ರ ದಶಕದ ಕೊನೆಯಲ್ಲಿ ಈ ಪ್ರಕ್ರಿಯೆಯನ್ನು ಪ್ರಥಮ ತಿದ್ದುಪಡಿಯ ಮಟ್ಟದವರೆಗೆ ಲೆಕ್ಕ ಹಾಕಿದರು. ಹೆಚ್ಚು ಸಂವೇಗದಲ್ಲಿ ತಲೆದೋರುವ ದೊಡ್ಡ ಲಾಗರಿದಮ್‌ಗಳನ್ನೂ ಕೂಡಿಸಿಕೊಳ್ಳುವ ಫೋನಲ್ ಎಂಬ ಪದ್ಧತಿಯನ್ನು ಕಾಚಿಯಾರಿ, ಗ್ರೆಕೊ, ನೇಸನ್ 1998ರಲ್ಲಿ ಮಂಡಿಸಿದರು. ಪ್ರಯೋಗಗಳು ತಮ್ಮ ಅಂಕಿಗಳನ್ನು ಇಂದಿಗೂ ಹೆಚ್ಚಾಗಿ ಹೋಲಿಸುವುದು ಇದರೊಡನೆ.

ವರ್ಗಗಳು

ಒಂದೇ ಭಾರಕ್ವಾರ್ಕ್ ಇರುವ ಮೀಸಾನ್‌ಗಳನ್ನು ತೆರೆದ ಭಾರಮೀಸಾನ್‌ಗಳೆನ್ನುತ್ತಾರೆ. ಚಾರ್ಮ್ ಗುಂಪಿನಲ್ಲಿ ಡಿ⁰, ಡಿ⁺, ಡಿಎಸ್⁺ ಮುಖ್ಯ. ಇವುಗಳ ದ್ರವ್ಯರಾಶಿ 1.86ರಿಂದ 1.97 ಜಿಇವಿ, ಸರಾಸರಿ ಆಯುಷ್ಯ ಕ್ರಮವಾಗಿ 0.41, 1.03, 0.50 ಪಿಕೋಸೆಕೆಂಡ್. ಡಿ*⁺ ಎಂಬುದು ಡಿ⁺ನ ಉದ್ರಿಕ್ತ ರೂಪ. ಅದು ಹುಟ್ಟಿದಲ್ಲೇ ಹೆಚ್ಚಾಗಿ ಡಿ⁰ ಮತ್ತು ಪಯಾನ್ (ಒಂದು ಹಗುರ ಮೀಸಾನ್) ಆಗಿ ಒಡೆಯುತ್ತದೆ. ಬಾಟಮ್ ಗುಂಪಿನಲ್ಲಿ ಬಿ⁺, ಬಿ⁰, ಬಿಎಸ್⁰ ಇವೆ. ಇವುಗಳ ದ್ರವ್ಯರಾಶಿ 5.28ರಿಂದ 5.37 ಜಿಇವಿ, ಆಯುಷ್ಯ ಸುಮಾರು 1.5ರಿಂದ 1.6 ಪಿಕೋಸೆಕೆಂಡ್. ಚಾರ್ಮ್, ಬಾಟಮ್ ಎರಡೂ ಇರುವ ಬಿಸಿ⁺ ಮೀಸಾನನ್ನು ಸಿಡಿಎಫ್ 1998ರಲ್ಲಿ ಕಂಡಿತು.

ಭಾರಕ್ವಾರ್ಕ್ ತನ್ನದೇ ಪ್ರತಿಕ್ವಾರ್ಕಿನೊಡನೆ ಬೆಸೆದ ಮೀಸಾನ್‌ಗಳಿಗೆ ಕ್ವಾರ್ಕೋನಿಯಂ ಎಂದು ಹೆಸರು. ಜೆ/ಸೈ ಮತ್ತು ಸೈ(2ಎಸ್) ಚಾರ್ಮ್‌ನವು. ಅಪ್ಸಿಲಾನ್‌ನ ಮೂರು ಸ್ಥಿತಿಗಳು ಬಾಟಮ್‌ನವು.

ಮಾಪನದ ದೃಷ್ಟಿಯಿಂದ ಇನ್ನೊಂದು ವಿಭಾಗ ಇವೆಲ್ಲಕ್ಕಿಂತ ಮುಖ್ಯ. ಡಿಕ್ಕಿಯ ಬಿಂದುವಿನಲ್ಲೇ ಹುಟ್ಟಿದ ಮೀಸಾನ್ ತಕ್ಷಣದ್ದು; ಬಾಟಮ್ ಹ್ಯಾಡ್ರಾನ್ ಕ್ಷಯಿಸಿದಾಗ ಹುಟ್ಟಿದ ಡಿ ಅಥವಾ ಜೆ/ಸೈ ತಡವಾದದ್ದು. ಇವೆರಡನ್ನೂ ಬೇರ್ಪಡಿಸದೆ ಕೊಟ್ಟ ಅಂಕಿಯನ್ನು ಸಿದ್ಧಾಂತದೊಡನೆ ಹೋಲಿಸಿದರೆ ಅರ್ಥವಿರುವುದಿಲ್ಲ.

ಮಾಪನದ ವಿಧಾನ

ಭಾರಮೀಸಾನ್ ಶೋಧಕದವರೆಗೆ ಬದುಕಿ ಬರುವುದಿಲ್ಲ. ಅದರ ಕ್ಷಯದಿಂದ ಹೊರಟ ಪಯಾನ್, ಕೇಯಾನ್, ಮ್ಯೂಆನ್, ಎಲೆಕ್ಟ್ರಾನ್‌ಗಳ ಜಾಡುಗಳಿಂದ ಅದನ್ನು ಪುನಾರಚಿಸಬೇಕು. ಡಿ⁰ ಮೀಸಾನ್ ಒಂದು ಕೇಯಾನ್ ಮತ್ತು ಒಂದು ಪಯಾನ್ ಆಗಿ ಕ್ಷಯಿಸುವ ಪ್ರಕರಣದಲ್ಲಿ ಇದರ ಎಲ್ಲ ಹಂತಗಳನ್ನೂ ಕಾಣಬಹುದು.

ನೂರು ಡಿ⁰ಗಳಲ್ಲಿ ಸುಮಾರು ನಾಲ್ಕು ಮಾತ್ರ ಈ ದಾರಿಯಲ್ಲಿ ಕ್ಷಯಿಸುತ್ತವೆ. ಈ ಪಾಲಿಗೆ ಕವಲು ಪ್ರಮಾಣ ಎನ್ನುತ್ತಾರೆ. 5 ಜಿಇವಿ ಸಂವೇಗದ ಡಿ⁰ ಸರಾಸರಿ 0.33 ಮಿಲಿಮೀಟರ್ ಹಾರಿ ಒಡೆಯುತ್ತದೆ. ಅದರಿಂದ ಹೊರಟ ಎರಡು ಜಾಡುಗಳನ್ನು ಹಿಂದಕ್ಕೆ ಎಳೆದರೆ ಅವು ಡಿಕ್ಕಿಯ ಬಿಂದುವನ್ನು ಸೇರದೆ ಕೂದಲೆಳೆಯಷ್ಟು ಅಂತರದಲ್ಲಿ ಪಕ್ಕಕ್ಕೆ ಹಾದುಹೋಗುತ್ತವೆ. ಪುಂಜಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರ ನಿಲ್ಲಿಸಿದ ಸಿಲಿಕಾನ್ ಪದರಗಳು ಈ ಅಂತರವನ್ನು ಹತ್ತಾರು ಮೈಕ್ರೋಮೀಟರ್ ನಿಖರತೆಯಲ್ಲಿ ತೋರಿಸುತ್ತವೆ. ಕಾಂತಕ್ಷೇತ್ರದಲ್ಲಿ ಜಾಡು ಬಾಗುವ ಪ್ರಮಾಣದಿಂದ ಸಂವೇಗ ತಿಳಿಯುತ್ತದೆ.

ಮುಂದಿನ ಪ್ರಶ್ನೆ, ಎರಡರಲ್ಲಿ ಕೇಯಾನ್ ಯಾವುದು, ಪಯಾನ್ ಯಾವುದು? ಎಲ್‌ಎಚ್‌ಸಿಯ ಆಲಿಸ್ ಪ್ರಯೋಗದಲ್ಲಿ ಇದಕ್ಕೆ ಹಾರಾಟದ ಅವಧಿಯನ್ನು ಅಳೆಯುವ ಶೋಧಕ ಇದೆ. ಪುಂಜದಿಂದ 3.7 ಮೀಟರ್ ದೂರದಲ್ಲಿರುವ ಅದನ್ನು 1 ಜಿಇವಿ ಸಂವೇಗದ ಪಯಾನ್ ಸುಮಾರು 12.5 ನ್ಯಾನೋಸೆಕೆಂಡಿನಲ್ಲಿ ಮುಟ್ಟಿದರೆ, ಅದೇ ಸಂವೇಗದ ಕೇಯಾನ್ ಸುಮಾರು 13.8 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಶೋಧಕದ ಕಾಲನಿಖರತೆ 0.1 ನ್ಯಾನೋಸೆಕೆಂಡಿಗಿಂತ ಉತ್ತಮವಾಗಿರುವುದರಿಂದ ಈ ವ್ಯತ್ಯಾಸ ನಿಚ್ಚಳವಾಗಿ ಕಾಣುತ್ತದೆ. ಸಂವೇಗ ಹೆಚ್ಚಿದಂತೆ ಎರಡರ ವೇಗವೂ ಬೆಳಕಿನ ವೇಗವನ್ನು ಸಮೀಪಿಸಿ ವ್ಯತ್ಯಾಸ ಕರಗುತ್ತದೆ. ಎಲ್‌ಎಚ್‌ಸಿ-ಬಿ ಪ್ರಯೋಗ ಇದೇ ಕೆಲಸಕ್ಕೆ ಚೆರೆಂಕೊವ್ ಬೆಳಕಿನ ಉಂಗುರಗಳನ್ನು ಬಳಸಿ ಸುಮಾರು 100 ಜಿಇವಿವರೆಗೆ ಗುರುತು ಹಿಡಿಯುತ್ತದೆ.

ಬಳಿಕ ಎರಡು ಕಣಗಳ ಶಕ್ತಿ-ಸಂವೇಗಗಳಿಂದ ಜೋಡಿಯ ಅಚರ ದ್ರವ್ಯರಾಶಿಯನ್ನು ಲೆಕ್ಕ ಹಾಕುತ್ತಾರೆ. ಒಂದೇ ಡಿಕ್ಕಿಯಲ್ಲಿ ಹತ್ತಾರು ಜಾಡುಗಳಿರುತ್ತವೆ. ಸಂಬಂಧವೇ ಇಲ್ಲದ ಜೋಡಿಗಳು ಎಲ್ಲ ಬೆಲೆಗಳಲ್ಲೂ ಹರಡಿಕೊಂಡು ನುಣುಪಾದ ಹಿನ್ನೆಲೆಯಾಗುತ್ತವೆ. ನಿಜವಾದ ಡಿ⁰ಗಳು 1.865 ಜಿಇವಿ ಸುತ್ತ ಕಿರಿದಾದ ಶಿಖರವಾಗಿ ಮೇಲೇಳುತ್ತವೆ. ಹಿನ್ನೆಲೆಗೆ ಒಂದು ವಕ್ರರೇಖೆಯನ್ನೂ ಶಿಖರಕ್ಕೆ ಇನ್ನೊಂದನ್ನೂ ಹೊಂದಿಸಿದಾಗ ಡಿ⁰ಗಳ ಸಂಖ್ಯೆ ಕೈಗೆ ಬರುತ್ತದೆ. ಕೇಯಾನ್, ಪಯಾನ್ ಗುರುತುಗಳು ಅದಲುಬದಲಾದ ನಿಜವಾದ ಡಿ⁰ಗಳೂ ಅಗಲವಾದ ದಿಬ್ಬವಾಗಿ ಅಲ್ಲೇ ಸೇರಿಕೊಳ್ಳುತ್ತವೆ; ಅವನ್ನು ಪ್ರತ್ಯೇಕವಾಗಿ ಕಳೆಯಬೇಕು. ಕ್ಷಯದ ದೂರ, ಜಾಡುಗಳ ನಡುವಣ ಅಂತರ, ಒಟ್ಟು ಸಂವೇಗದ ದಿಕ್ಕು ಮುಂತಾದ ಲಕ್ಷಣಗಳ ಮೇಲೆ ಮಿತಿ ಹಾಕಿ ಹಿನ್ನೆಲೆಯನ್ನು ತಗ್ಗಿಸುತ್ತಾರೆ. ಹಿಂದೆ ಒಂದೊಂದು ಲಕ್ಷಣಕ್ಕೂ ಬೇರೆಬೇರೆ ಮಿತಿ ಇಡುತ್ತಿದ್ದರು. ಈಗ ಯಂತ್ರಕಲಿಕೆಯ ನಿರ್ಣಯವೃಕ್ಷಗಳು ಎಲ್ಲ ಲಕ್ಷಣಗಳನ್ನೂ ಕೂಡಿಸಿ ತೂಗುತ್ತವೆ.

ಹೀಗೆ ದೊರೆತ ಸಂಖ್ಯೆ ಇನ್ನೂ ಅಡ್ಡಕೊಯ್ತವಲ್ಲ. ಅದರಿಂದ ಬಾಟಮ್ ಹ್ಯಾಡ್ರಾನ್‌ಗಳ ಕ್ಷಯದಿಂದ ಬಂದ ಡಿ⁰ಗಳನ್ನು ಕಳೆಯಬೇಕು. ತಡವಾದ ಡಿ⁰ಯ ಹಾರಾಟದ ಗೆರೆ ಡಿಕ್ಕಿಯ ಬಿಂದುವನ್ನು ತಪ್ಪಿಸಿ ಹೋಗುವುದರಿಂದ ಇದು ಸಾಧ್ಯ. ಉಳಿದ ಸಂಖ್ಯೆಯನ್ನು ದಕ್ಷತೆಯಿಂದ, ಕವಲು ಪ್ರಮಾಣದಿಂದ, ಲ್ಯೂಮಿನಾಸಿಟಿಯಿಂದ, ಸಂವೇಗ ಮತ್ತು ರ್ಯಾಪಿಡಿಟಿಯ ಅಂತರಗಳಿಂದ ಭಾಗಿಸಬೇಕು. ಕಣ ಮತ್ತು ಪ್ರತಿಕಣ ಎರಡನ್ನೂ ಎಣಿಸಿದ್ದರೆ ಮತ್ತೆ ಎರಡರಿಂದ ಭಾಗಿಸಬೇಕು.

ದಕ್ಷತೆ ಎಂದರೆ ಹುಟ್ಟಿದ ಮೀಸಾನ್‌ಗಳಲ್ಲಿ ಎಷ್ಟು ಪಾಲು ಕೊನೆಯ ಎಣಿಕೆಗೆ ಬಂದಿತು ಎಂಬುದು. ಶೋಧಕದ ಗಣಕೀಯ ಅನುಕರಣೆಯಿಂದ ಅದನ್ನು ಪಡೆದು ದತ್ತಾಂಶದಿಂದಲೇ ತಾಳೆ ನೋಡುತ್ತಾರೆ. ಉದಾಹರಣೆಗೆ, ಜೆ/ಸೈ ಎರಡು ಮ್ಯೂಆನ್‌ಗಳಾಗಿ ಒಡೆದಾಗ ಒಂದನ್ನು ಖಚಿತವಾಗಿ ಗುರುತಿಸಿ, ಜೊತೆಗಿರಲೇಬೇಕಾದ ಇನ್ನೊಂದನ್ನು ಶೋಧಕ ಎಷ್ಟು ಸಲ ಹಿಡಿಯಿತೆಂದು ನೋಡುತ್ತಾರೆ. ಲ್ಯೂಮಿನಾಸಿಟಿಗೆ ಸೈಮನ್ ವಾನ್ ಡರ್ ಮೀರ್ 1968ರಲ್ಲಿ ಐಎಸ್‌ಆರ್ ಯಂತ್ರಕ್ಕಾಗಿ ಸೂಚಿಸಿದ ವಿಧಾನವೇ ಇಂದಿಗೂ ಆಧಾರ. ಎರಡು ಪುಂಜಗಳನ್ನು ಹಂತಹಂತವಾಗಿ ಒಂದರಿಂದ ಒಂದು ಸರಿಸುತ್ತ ಡಿಕ್ಕಿಗಳ ದರ ಹೇಗೆ ಇಳಿಯುತ್ತದೆಂದು ದಾಖಲಿಸಿದರೆ ಪುಂಜಗಳು ಅತಿಕ್ರಮಿಸುವ ಅಗಲ ತಿಳಿಯುತ್ತದೆ. ಪುಂಜದಲ್ಲಿರುವ ಪ್ರೋಟಾನ್‌ಗಳ ಸಂಖ್ಯೆಯನ್ನು ವಿದ್ಯುತ್ಪ್ರವಾಹದಿಂದ ಅಳೆಯುತ್ತಾರೆ. ಒಟ್ಟು ಅನಿಶ್ಚಿತತೆ ನೂರಕ್ಕೆ ಒಂದೆರಡರಷ್ಟು.

ಡಿ*⁺ ಮೀಸಾನಿಗೆ ಇನ್ನೊಂದು ಅನುಕೂಲ ಉಂಟು. ಡಿ*⁺ ಮತ್ತು ಡಿ⁰ ದ್ರವ್ಯರಾಶಿಗಳ ವ್ಯತ್ಯಾಸ 145.4 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್), ಪಯಾನಿನ ದ್ರವ್ಯರಾಶಿ 139.6 ಎಂಇವಿ. ಉಳಿಯುವ ಶಕ್ತಿ ಬಹಳ ಅಲ್ಪವಾದ್ದರಿಂದ ವ್ಯತ್ಯಾಸದ ಶಿಖರ ಅತಿ ಕಿರಿದಾಗಿರುತ್ತದೆ, ಹಿನ್ನೆಲೆ ಕಡಿಮೆ ಇರುತ್ತದೆ. ಬಿ⁺ ಮೀಸಾನನ್ನು ಹೆಚ್ಚಾಗಿ ಜೆ/ಸೈ ಮತ್ತು ಕೇಯಾನ್ ಆಗಿ, ಜೆ/ಸೈ ಮತ್ತೆ ಎರಡು ಮ್ಯೂಆನ್‌ಗಳಾಗಿ ಒಡೆಯುವ ದಾರಿಯಲ್ಲಿ ಹಿಡಿಯುತ್ತಾರೆ. ಈ ದಾರಿ ಹಿಡಿಯುವುದು ಲಕ್ಷಕ್ಕೆ ಆರು ಬಿ⁺ಗಳು ಮಾತ್ರ. ಆದರೂ ಮ್ಯೂಆನ್ ಜೋಡಿ ಸುಲಭವಾಗಿ ಗುರುತು ಸಿಗುವುದರಿಂದ ಇದನ್ನೇ ಆರಿಸಿಕೊಳ್ಳುತ್ತಾರೆ. ಪೂರ್ಣ ಪುನಾರಚನೆ ಮಾಡದೆ, ಭಾರಹ್ಯಾಡ್ರಾನ್‌ಗಳ ಕ್ಷಯದಿಂದ ಬರುವ ಒಂಟಿ ಎಲೆಕ್ಟ್ರಾನ್ ಅಥವಾ ಮ್ಯೂಆನನ್ನು ಎಣಿಸುವ ಪದ್ಧತಿಯೂ ಇದೆ. ಅದರಲ್ಲಿ ಸಂಖ್ಯೆ ಹೆಚ್ಚು, ಮೂಲ ಮೀಸಾನಿನ ಸಂವೇಗದ ಮಾಹಿತಿ ಕಡಿಮೆ.

ಶೋಧಕಗಳು

ಎಲ್‌ಎಚ್‌ಸಿಯ ನಾಲ್ಕು ದೊಡ್ಡ ಪ್ರಯೋಗಗಳು ಒಂದನ್ನೊಂದು ಪೂರೈಸುತ್ತವೆ. ಆಲಿಸ್ 0.5 ಟೆಸ್ಲಾದ ದುರ್ಬಲ ಕಾಂತಕ್ಷೇತ್ರವನ್ನು ಬಳಸುವುದರಿಂದ ಅತಿ ಕಡಿಮೆ ಸಂವೇಗದ ಕಣಗಳನ್ನೂ ಹಿಡಿಯುತ್ತದೆ. ಮಧ್ಯ ರ್ಯಾಪಿಡಿಟಿಯಲ್ಲಿ ಸೊನ್ನೆ ಅಡ್ಡ ಸಂವೇಗದವರೆಗೂ ಡಿ⁰ಯನ್ನು ಅಳೆದಿದೆ. ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳ ಕಾಂತಕ್ಷೇತ್ರಗಳು ಕ್ರಮವಾಗಿ 2 ಮತ್ತು 3.8 ಟೆಸ್ಲಾ. ಹೆಚ್ಚು ಲ್ಯೂಮಿನಾಸಿಟಿಯಲ್ಲಿ, ಹೆಚ್ಚು ಸಂವೇಗದ ಮೀಸಾನ್‌ಗಳಿಗೆ ಅವು ಸೂಕ್ತ. ಎಲ್‌ಎಚ್‌ಸಿ-ಬಿ ಭಾರಕ್ವಾರ್ಕ್‌ಗಳಿಗೆಂದೇ ಕಟ್ಟಿದ್ದು. ಭಾರಜೋಡಿಗಳು ಹೆಚ್ಚಾಗಿ ಪುಂಜದ ದಿಕ್ಕಿಗೆ ವಾಲಿ ಹೊರಡುವುದರಿಂದ ಅದು ಒಂದು ಬದಿಗೆ ಮಾತ್ರ ಚಾಚಿಕೊಂಡಿದೆ. ಅದರ ಸಿಲಿಕಾನ್ ಶೋಧಕ ಪುಂಜಕ್ಕೆ ಕೇವಲ 5.1 ಮಿಲಿಮೀಟರ್ ಹತ್ತಿರ ಬರುತ್ತದೆ. ಪುಂಜ ಸ್ಥಿರವಾಗುವವರೆಗೆ ಎರಡು ಭಾಗಗಳಾಗಿ ದೂರ ಸರಿದಿರುತ್ತದೆ. ಅಲ್ಲಿ ಬಿ ಮೀಸಾನ್‌ಗಳು ಸರಾಸರಿ ಸುಮಾರು ಒಂದು ಸೆಂಟಿಮೀಟರ್ ಹಾರುತ್ತವೆ.

ಪ್ರೋಟಾನ್ ಗುಚ್ಛಗಳು 25 ನ್ಯಾನೋಸೆಕೆಂಡಿಗೊಮ್ಮೆ ಹಾದುಹೋಗುತ್ತವೆ. ಎಲ್ಲವನ್ನೂ ಉಳಿಸಿಕೊಳ್ಳಲಾಗದು, ಯಾವುದನ್ನು ಇಟ್ಟುಕೊಳ್ಳಬೇಕೆಂದು ನಿರ್ಧರಿಸುವ ಟ್ರಿಗರ್ ವ್ಯವಸ್ಥೆ ಅಗತ್ಯ. ಕಡಿಮೆ ಸಂವೇಗದ ಡಿ ಮೀಸಾನ್ ಸಾಮಾನ್ಯ ಡಿಕ್ಕಿಯಿಂದ ಹೆಚ್ಚು ಭಿನ್ನವಾಗಿ ಕಾಣದ ಕಾರಣ ಟ್ರಿಗರ್‌ಗೆ ಅದೇ ಅತ್ಯಂತ ಕಠಿಣ. 2022ರಿಂದ ಎಲ್‌ಎಚ್‌ಸಿ-ಬಿ ಯಂತ್ರಾಂಶದ ಟ್ರಿಗರನ್ನು ಕೈಬಿಟ್ಟು, ಎಲ್ಲ ಡಿಕ್ಕಿಗಳ ದತ್ತಾಂಶವನ್ನೂ ಗ್ರಾಫಿಕ್ಸ್ ಸಂಸ್ಕಾರಕಗಳ ಮೇಲೆ ತಂತ್ರಾಂಶದಿಂದಲೇ ಸೋಸುತ್ತಿದೆ. ಸಿಎಂಎಸ್ 2018ರಲ್ಲಿ ಸುಮಾರು ಸಾವಿರ ಕೋಟಿ ಬಾಟಮ್ ಹ್ಯಾಡ್ರಾನ್‌ಗಳಿರುವ ದತ್ತಾಂಶವನ್ನು ತಕ್ಷಣ ಸಂಸ್ಕರಿಸದೆ ಕೂಡಿಟ್ಟು ಆಮೇಲೆ ವಿಶ್ಲೇಷಿಸಿತು.

ಭಾರತದ ಪಾಲು ಇಲ್ಲಿ ಗಣನೀಯ. ಆಲಿಸ್‌ನ ಮ್ಯೂಆನ್ ವಿಭಾಗದ ಜಾಡುಶೋಧಕಗಳ ಸಂಕೇತಗಳನ್ನು ಓದುವ ಮಾನಸ್ ಎಂಬ ಚಿಪ್ಪನ್ನು ಕೋಲ್ಕತ್ತದ ಸಾಹಾ ನ್ಯೂಕ್ಲಿಯರ್ ಫಿಸಿಕ್ಸ್ ಸಂಸ್ಥೆಯಲ್ಲಿ ವಿನ್ಯಾಸಗೊಳಿಸಲಾಯಿತು. ಜೆ/ಸೈ ಮತ್ತು ಅಪ್ಸಿಲಾನ್‌ಗಳನ್ನು ಆಲಿಸ್ ಮ್ಯೂಆನ್ ಜೋಡಿಗಳಾಗಿ ಅಳೆಯುವುದು ಈ ವಿಭಾಗದಲ್ಲೇ. ಸಿಎಂಎಸ್‌ನಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಗುಂಪುಗಳಿವೆ. ಭಾರತ 2017ರ ಜನವರಿಯಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರ.

ಮುಖ್ಯ ಫಲಿತಾಂಶಗಳು

13 ಟಿಇವಿ ಶಕ್ತಿಯಲ್ಲಿ ಬಾಟಮ್ ಜೋಡಿಯ ಒಟ್ಟು ಅಡ್ಡಕೊಯ್ತವನ್ನು ಎಲ್‌ಎಚ್‌ಸಿ-ಬಿ ಸುಮಾರು 495 ಮೈಕ್ರೋಬಾರ್ನ್ ಎಂದು ಅಂದಾಜಿಸಿತು. ಅದೇ ಶಕ್ತಿಯಲ್ಲಿ ಪ್ರೋಟಾನ್‌ಗಳ ಅಸ್ಥಿತಿಸ್ಥಾಪಕ ಡಿಕ್ಕಿಯ ಅಡ್ಡಕೊಯ್ತ ಸುಮಾರು 78 ಮಿಲಿಬಾರ್ನ್. ಅಂದರೆ ಸರಿಸುಮಾರು 160 ಡಿಕ್ಕಿಗಳಿಗೆ ಒಂದು ಬಾಟಮ್ ಜೋಡಿ. ಚಾರ್ಮ್ ಜೋಡಿ ಇದರ ಹತ್ತಾರು ಪಟ್ಟು ಹೆಚ್ಚು: 8 ಜಿಇವಿಗಿಂತ ಕಡಿಮೆ ಅಡ್ಡ ಸಂವೇಗ, 2ರಿಂದ 4.5 ರ್ಯಾಪಿಡಿಟಿಯ ಸೀಮಿತ ವಲಯದಲ್ಲೇ ಸುಮಾರು 2.4 ಮಿಲಿಬಾರ್ನ್ ಕಂಡುಬಂದಿದೆ. ಸುಮಾರು ಅದೇ ದಿಕ್ಕಿನ ವಲಯದಲ್ಲಿ ತಕ್ಷಣದ ಜೆ/ಸೈ ಅಡ್ಡಕೊಯ್ತ ಸುಮಾರು 15 ಮೈಕ್ರೋಬಾರ್ನ್, ಬಾಟಮ್‌ನಿಂದ ಬಂದದ್ದು ಸುಮಾರು 2.25 ಮೈಕ್ರೋಬಾರ್ನ್.

ಡಿ ಮತ್ತು ಬಿ ಮೀಸಾನ್‌ಗಳ ಸಂವೇಗ ಹಂಚಿಕೆಯ ಆಕಾರ ಫೋನಲ್ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಚಾರ್ಮ್ ಅಂಕಿಗಳು ಮಾತ್ರ ಲೆಕ್ಕದ ಅನಿಶ್ಚಿತತೆಯ ಪಟ್ಟಿಯ ಮೇಲಂಚಿನಲ್ಲೇ ನಿಲ್ಲುತ್ತವೆ.

ಈಚಿನ ಫಲಿತಾಂಶಗಳಲ್ಲಿ ಅತಿ ಮಹತ್ವದ್ದು ಹ್ಯಾಡ್ರಾನೀಕರಣಕ್ಕೆ ಸಂಬಂಧಿಸಿದ್ದು. ಚಾರ್ಮ್ ಕ್ವಾರ್ಕ್ ಎಷ್ಟು ಸಲ ಡಿ⁰ ಆಗುತ್ತದೆ, ಎಷ್ಟು ಸಲ ಬೇರಿಯಾನ್ ಆಗುತ್ತದೆ ಎಂಬ ಪ್ರಮಾಣ ಎಲ್ಲ ಬಗೆಯ ಡಿಕ್ಕಿಗಳಲ್ಲೂ ಒಂದೇ ಎಂದು ದಶಕಗಳ ಕಾಲ ಭಾವಿಸಲಾಗಿತ್ತು. ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಗಳಿಂದ ಪಡೆದ ಪ್ರಮಾಣಗಳನ್ನೇ ಪ್ರೋಟಾನ್ ಡಿಕ್ಕಿಗಳಿಗೂ ಬಳಸುತ್ತಿದ್ದರು. ಆಲಿಸ್ 5.02 ಟಿಇವಿ ಡಿಕ್ಕಿಗಳಲ್ಲಿ ಡಿ ಮೀಸಾನ್‌ಗಳ ಜೊತೆಗೆ ಚಾರ್ಮ್ ಬೇರಿಯಾನ್‌ಗಳನ್ನೂ ಅಳೆದು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಚಾರ್ಮ್ ಕ್ವಾರ್ಕ್‌ಗಳಲ್ಲಿ ನೂರಕ್ಕೆ ಸುಮಾರು 39 ಮಾತ್ರ ಡಿ⁰ ಆಗುತ್ತವೆ, ಸುಮಾರು 20 ಲ್ಯಾಂಬ್ಡಾ-ಸಿ ಬೇರಿಯಾನ್ ಆಗುತ್ತವೆ. ಎಲೆಕ್ಟ್ರಾನ್ ಯಂತ್ರಗಳಲ್ಲಿ ಕಂಡ ಲ್ಯಾಂಬ್ಡಾ-ಸಿ ಪ್ರಮಾಣದ ಮೂರು ಪಟ್ಟಿಗೂ ಇದು ಹೆಚ್ಚು. ಡಿ⁰ ಒಂದನ್ನೇ ಎಣಿಸಿ ಹಳೆಯ ಪ್ರಮಾಣದಿಂದ ಒಟ್ಟು ಚಾರ್ಮ್ ಪ್ರಮಾಣವನ್ನು ಲೆಕ್ಕಹಾಕಿದ ಅಂದಾಜುಗಳು ಇದರಿಂದಾಗಿ ಮೇಲಕ್ಕೆ ಸರಿಯಬೇಕಾಯಿತು. ಬಾಟಮ್‌ನಲ್ಲೂ ಇಂಥ ವ್ಯತ್ಯಾಸ ಇದೆ: ಬಿಎಸ್⁰ ಮತ್ತು ಬಿ⁰ ಅನುಪಾತ 13 ಟಿಇವಿಯಲ್ಲಿ ಸುಮಾರು 0.25, ಅದು ಅಡ್ಡ ಸಂವೇಗದೊಡನೆ ಬದಲಾಗುತ್ತದೆ. ಕ್ವಾರ್ಕ್ ಹ್ಯಾಡ್ರಾನ್ ಆಗುವಾಗ ಸುತ್ತಲಿನ ಇತರ ಕ್ವಾರ್ಕ್, ಗ್ಲೂಆನ್‌ಗಳ ಪ್ರಭಾವಕ್ಕೆ ಒಳಗಾಗುತ್ತದೆಂಬುದು ಇವುಗಳಿಂದ ಸ್ಪಷ್ಟವಾಗಿದೆ.

ಭಾರಕ್ವಾರ್ಕ್ ತನ್ನ ಚಲನೆಯ ದಿಕ್ಕಿಗೆ ತೀರ ಸಮೀಪದ ಕೋನಗಳಲ್ಲಿ ಗ್ಲೂಆನ್‌ಗಳನ್ನು ಸೂಸುವುದಿಲ್ಲ ಎಂಬ 1991ರ ಸೈದ್ಧಾಂತಿಕ ನಿರೀಕ್ಷೆಯನ್ನೂ ಆಲಿಸ್ ಡಿ⁰ ಇರುವ ಜೆಟ್‌ಗಳಲ್ಲಿ (ಒಂದೇ ದಿಕ್ಕಿಗೆ ಹಾರುವ ಕಣಗಳ ಗೊಂಚಲುಗಳಲ್ಲಿ) ನೇರವಾಗಿ ಕಂಡು 2022ರಲ್ಲಿ ಪ್ರಕಟಿಸಿತು. ಕ್ವಾರ್ಕೋನಿಯಂನ ಉತ್ಪತ್ತಿಯ ವಿಷಯ ಇಷ್ಟು ಸ್ಪಷ್ಟವಾಗಿಲ್ಲ. ಟೆವಟ್ರಾನಿನ ಹೆಚ್ಚುವರಿಯನ್ನು ವಿವರಿಸಿದ 1995ರ ಸಿದ್ಧಾಂತ ಹೆಚ್ಚು ಸಂವೇಗದ ಜೆ/ಸೈ ಅಡ್ಡವಾಗಿ ಧ್ರುವೀಕೃತವಾಗಿರಬೇಕೆಂದು ಹೇಳಿತ್ತು. ಸಿಡಿಎಫ್, ಸಿಎಂಎಸ್, ಎಲ್‌ಎಚ್‌ಸಿ-ಬಿ ಅಳತೆಗಳಲ್ಲಿ ಅಂಥ ಧ್ರುವೀಕರಣ ಕಾಣಲಿಲ್ಲ.

ಉಪಯೋಗಗಳು

ಭಾರಮೀಸಾನ್ ಅಳತೆಗಳು ಪ್ರೋಟಾನಿನ ಗ್ಲೂಆನ್ ಹಂಚಿಕೆಯನ್ನು ಬಿಗಿಗೊಳಿಸುತ್ತವೆ. ಎಲ್‌ಎಚ್‌ಸಿ-ಬಿಯ ಮುಂದಿನ ದಿಕ್ಕಿನ ಡಿ ಮೀಸಾನ್‌ಗಳಲ್ಲಿ ಪ್ರೋಟಾನಿನ ಸಂವೇಗದ ಲಕ್ಷದಲ್ಲೊಂದು ಪಾಲಷ್ಟನ್ನು ಮಾತ್ರ ಹೊತ್ತ ಗ್ಲೂಆನ್‌ಗಳೂ ಪಾಲ್ಗೊಳ್ಳುತ್ತವೆ. ಆ ವಲಯದ ಬಗ್ಗೆ ಬೇರೆ ಮಾಹಿತಿ ಕಡಿಮೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ನ್ಯೂಟ್ರಿನೋ ವೀಕ್ಷಣಾಲಯಕ್ಕೂ ಈ ಅಳತೆಗಳು ಬೇಕು. ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ಚಾರ್ಮ್ ಕಣಗಳ ಕ್ಷಯದಿಂದ ಬರುವ ನ್ಯೂಟ್ರಿನೋಗಳು ದೂರದ ಬಾಹ್ಯಾಕಾಶದಿಂದ ಬರುವ ನ್ಯೂಟ್ರಿನೋಗಳ ಜೊತೆ ಬೆರೆಯುತ್ತವೆ. ಅವುಗಳ ಪ್ರಮಾಣವನ್ನು ಅಂದಾಜು ಮಾಡಲು ಎಲ್‌ಎಚ್‌ಸಿಯ ಚಾರ್ಮ್ ಅಡ್ಡಕೊಯ್ತವೇ ಆಧಾರ.

ಸೀಸದ ನ್ಯೂಕ್ಲಿಯಸ್‌ಗಳ ಡಿಕ್ಕಿಯಲ್ಲಿ ಕ್ವಾರ್ಕ್ ಮತ್ತು ಗ್ಲೂಆನ್‌ಗಳು ಬಿಡಿಯಾಗಿ ಚಲಿಸುವ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಉಂಟಾಗುತ್ತದೆ. ಅಂಥ ಪ್ಲಾಸ್ಮಾದಲ್ಲಿ ಜೆ/ಸೈ ಕರಗಬೇಕೆಂದು ಮಟ್ಸುಯಿ ಮತ್ತು ಸಾಟ್ಸ್ 1986ರಲ್ಲಿ ಹೇಳಿದರು. ಎಷ್ಟು ಕರಗಿತು, ಡಿ ಮೀಸಾನ್‌ಗಳು ಎಷ್ಟು ಶಕ್ತಿ ಕಳೆದುಕೊಂಡವು ಎಂಬುದನ್ನು ಅದೇ ಶಕ್ತಿಯ ಪ್ರೋಟಾನ್ ಡಿಕ್ಕಿಯ ಅಳತೆಯೊಡನೆ ಹೋಲಿಸಿಯೇ ಹೇಳಬೇಕು. ಬಿಎಸ್⁰ ಎರಡು ಮ್ಯೂಆನ್‌ಗಳಾಗಿ ಒಡೆಯುವಂಥ ಅಪರೂಪದ ಕ್ಷಯಗಳ ಪ್ರಮಾಣವನ್ನು ನಿರ್ಧರಿಸಲೂ ಒಟ್ಟು ಎಷ್ಟು ಬಿಎಸ್⁰ ಹುಟ್ಟಿದವೆಂಬ ಅಂಕಿ ಮೊದಲು ಗೊತ್ತಿರಬೇಕು.

ಈಗಿನ ಸ್ಥಿತಿ

2022ರಿಂದ ಎಲ್‌ಎಚ್‌ಸಿ 13.6 ಟಿಇವಿ ಶಕ್ತಿಯಲ್ಲಿ ನಡೆದಿದೆ. ಆಲಿಸ್ ಈ ಅವಧಿಗೆ ಸುಮಾರು 10 ಚದರ ಮೀಟರ್ ವಿಸ್ತಾರದ, 1,250 ಕೋಟಿ ಬಿಂದುಗಳ ಏಳು ಪದರದ ಹೊಸ ಸಿಲಿಕಾನ್ ಶೋಧಕವನ್ನು ಅಳವಡಿಸಿಕೊಂಡಿತು. ಅದರ ಒಳಪದರ ಪುಂಜದ ಅಕ್ಷದಿಂದ ಸುಮಾರು 22 ಮಿಲಿಮೀಟರ್ ದೂರದಲ್ಲಿದೆ. ಹಿಂದಿನ ಶೋಧಕದಲ್ಲಿ ಈ ದೂರ 39 ಮಿಲಿಮೀಟರ್ ಇತ್ತು. ಇನ್ನೂ ತೆಳುವಾದ, ಬಾಗಿಸಿದ ಸಿಲಿಕಾನ್ ಹಾಳೆಗಳ ಒಳಪದರಗಳು ಅಧಿಕ ಲ್ಯೂಮಿನಾಸಿಟಿಯ ಮುಂದಿನ ಹಂತಕ್ಕಾಗಿ ಸಿದ್ಧವಾಗುತ್ತಿವೆ.

ಪ್ರಯೋಗದ ಅನಿಶ್ಚಿತತೆ ಹಲವು ಅಳತೆಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟಕ್ಕೆ ಇಳಿದಿದೆ. ಬಾಟಮ್ ಉತ್ಪಾದನೆಯ ದ್ವಿತೀಯ ತಿದ್ದುಪಡಿಯ ಮಟ್ಟದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಕಡಿಮೆ ಸಂವೇಗದ ಚಾರ್ಮ್‌ಗೆ ಸೈದ್ಧಾಂತಿಕ ಅನಿಶ್ಚಿತತೆ ಇನ್ನೂ ಎರಡು ಪಟ್ಟಿನ ಆಸುಪಾಸಿನಲ್ಲಿದೆ. ಅಲ್ಲಿ ಅಳತೆ ಲೆಕ್ಕಕ್ಕಿಂತ ಬಹಳ ಮುಂದೆ ಇದೆ.